ಮೂವತ್ತನಾಲ್ಕು ಮನೆಗಳನ್ನು ಕಿವಿಯಲ್ಲಿಟ್ಟುಕೊಂಡವಳು

ಮಾಲನಕ್ಕ ಫೋನು ಕಿವಿಗೆ ಹಚ್ಚಿದ ಕೂಡಲೇ ಕಣ್ಣು ಮುಚ್ಚುತ್ತಿದ್ದಳು. ನೋಡಿದವರು ಕೂತಲ್ಲೇ ನಿದ್ದೆ ಹತ್ತಿತು ಅಂದುಕೊಳ್ಳಬೇಕು, ಹಾಗೆ. ಹಣೆಯ ಹಸಿರು ಹಚ್ಚೆಯ ಕೆಳಗೆ ಮುಚ್ಚಿದ ರೆಪ್ಪೆಗಳು ಮಾತ್ರ ಸಣ್ಣಗೆ ಅಲುಗುತ್ತಿದ್ದವು. ಆಮೇಲೆ ಅದೇ ಮಾತು, ಯಾವಾಗಲೂ ಅದೇ: “ಎಲ್ಲಿ ಕುಂತೀದಿ? ಮುಂದ ಏನ ಕಾಣಾಕತ್ತೈತಿ?”

ಹೇಳಲೇಬೇಕು. ಹೇಳದಿದ್ದರೆ ಮುಂದಿನ ಮಾತಿಲ್ಲ. “ಪಡಸಾಲ್ಯಾಗ ಕುಂತೇನಿ ಯಕ್ಕಾ. ಗ್ವಾಡಿ ಮ್ಯಾಲ ಕೋಳಿ ಹತ್ತೇತಿ. ಬಿಸಲ ನುಗ್ಗಿಗಿಡದ ತನಕ ಬಂದೈತಿ.” ಅಷ್ಟು ಸಿಕ್ಕರೆ ಸಾಕು, ಅವಳು ತನ್ನ ಊರು ಕೊಕಟನೂರಿನಿಂದ ಎದ್ದು ಬಂದು ನಮ್ಮ ಪಡಸಾಲೆಯಲ್ಲಿ ಕೂತ ಹಾಗೆ ಮಾತಾಡುತ್ತಿದ್ದಳು. ಕೆಲಸದ ಮಾತಿನ ನಡುವೆ ತಟ್ಟನೆ “ಕೋಳಿ ಇಳೀತೇನ?” ಅಂತ ಕೇಳುವಳು. ಉಗಾರ ಖುರ್ದದ ಶೇವಂತಿ ಫೋನು ಮಾಡಿದರೆ ಮೂಗು ಅರಳಿಸಿ, “ನಿಮ್ಮ ಕಾರಖಾನಿ ಚಾಲೂ ಆಗೇತಿ ಬಿಡ, ಕಬ್ಬಿನ ಹಾಲ ಕುದ್ದ ವಾಸನಿ ಇಲ್ಲೀತನಾ ಬರಾಕತ್ತೈತಿ” ಅನ್ನುವಳು. ಕಾರಖಾನೆ ನಿಜವಾಗಿಯೂ ಶುರುವಾಗಿರುತ್ತಿತ್ತು.

ನಾನು ಬೇಡಕಿಹಾಳದವಳು. ಹೆಸರು ಸುಶೀಲಾ, ಎಲ್ಲರ ಬಾಯಲ್ಲಿ ಸುಸಲವ್ವ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟೆ. ಈಗ ಮೊಮ್ಮಗಳು ಸಮೃದ್ಧಿ ಎರಡನೆಯ ಇಯತ್ತೆಯಲ್ಲಿದ್ದಾಳೆ. ಅಂಗಡಿಯ ಫಲಕ, ಬಸ್ಸಿನ ಹಣೆ, ಬಿಸ್ಕೀಟಿನ ಚೀಟಿ, ಕಂಡದ್ದನ್ನೆಲ್ಲ ಓದುತ್ತಾಳೆ. ಅವಳು ಓದುವುದನ್ನು ಕೇಳುತ್ತ ಕೂತರೆ ನನಗೆ ಹಸಿವಿಲ್ಲ, ನೀರಡಿಕೆಯಿಲ್ಲ. ಅವಳು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಒತ್ತಕ್ಷರ ಬಿಟ್ಟರೆ ಪಕ್ಕದಲ್ಲೇ ಕೂತು ತಿದ್ದುತ್ತಾಳೆ, “ಆಯಿ, ನೀ ಗಡಬಡ ಮಾಡತಿ” ಅಂತ ಬೈಯುತ್ತಾಳೆ. ಬೈಯಲಿ. ಅವಳ ಬೈಗುಳವೂ ನನಗೆ ಹಬ್ಬ.

ನಮ್ಮ ಮನೆತನಗಳಲ್ಲಿ ಚಪ್ಪಲಿಯ ಕೆಲಸ. ಗಂಡಸರು ತೊಗಲು ಕೊಯ್ದು ಅಟ್ಟೆ ಹೊಲಿಯುತ್ತಾರೆ, ಹೆಂಗಸರು ವೇಣಿ ಹೆಣೆಯುತ್ತೇವೆ. ವೇಣಿ ಅಂದರೆ ಚಪ್ಪಲಿಯ ಪಟ್ಟಿಯ ಮೇಲೆ ಜಡೆಯ ಹಾಗೆ ಕೂರುತ್ತದಲ್ಲ, ಅದು. ತೊಗಲನ್ನು ದಾರದಷ್ಟು ಸಣ್ಣಗೆ ಸೀಳಿ, ನೀರಿನಲ್ಲಿ ನೆನೆಸಿ, ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹೆಣೆಯುವುದು. ಮೊದಲು ನಾವೆಲ್ಲ ಒಬ್ಬೊಬ್ಬರೇ ನಮ್ಮ ನಮ್ಮ ಮನೆಯಲ್ಲಿ ಕೂತು, ಯಾರೋ ತಂದುಕೊಟ್ಟದ್ದನ್ನು ಹೆಣೆದು ಯಾರಿಗೋ ಕೊಡುತ್ತಿದ್ದೆವು. ಅದು ಯಾರ ಕಾಲಿಗೆ ಹೋಗುತ್ತದೆ ಅನ್ನುವುದು ಗೊತ್ತಿರಲಿಲ್ಲ. ನಮ್ಮಂಥವರು ಎಷ್ಟು ಮಂದಿ ಇದ್ದಾರೆ ಅನ್ನುವುದೂ ಗೊತ್ತಿರಲಿಲ್ಲ. ಮಾಲನಕ್ಕ ಊರೂರು ಅಲೆದು ನಮ್ಮನ್ನು ಒಂದು ಗುಂಪು ಮಾಡಿದಳು. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಈ ಐದೂ ಕಡೆಯ ಹಳ್ಳಿಗಳಿಂದ ಮೂವತ್ತನಾಲ್ಕು ಹೆಂಗಸರು. ತೊಗಲಿನ ಗಂಟು ಬಸ್ಸಿನಲ್ಲಿ ಬರುತ್ತಿತ್ತು, ವೇಣಿಯ ಗಂಟು ಬಸ್ಸಿನಲ್ಲಿ ಹೋಗುತ್ತಿತ್ತು. ಮಾತೆಲ್ಲ ಫೋನಿನಲ್ಲಿ. ಸಣ್ಣ ಬಟನ್ ಫೋನುಗಳು ಆಗಷ್ಟೇ ನಮ್ಮ ಮನೆಗಳಿಗೆ ಬಂದಿದ್ದ ಕಾಲ.

ಹೀಗೆ ಕಿವಿಯ ಮೇಲೆ ಇಷ್ಟು ದೊಡ್ಡ ಸಂಸಾರ ನಡೆಸಿದವಳಿಗೆ ಕೊನೆಗೆ ಕಿವಿಯೇ ಕೇಳದಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳ ಕಿವಿ ಹೋದರೆ ನಾವು ಮತ್ತೆ ಮೂವತ್ತನಾಲ್ಕು ಕಡೆ ಒಬ್ಬೊಬ್ಬರೇ ಆಗಿಹೋಗುತ್ತಿದ್ದೆವು. ಅದು ಅವಳಿಗೆ ನಮಗಿಂತ ಬಹಳ ಮೊದಲೇ ಗೊತ್ತಾಗಿತ್ತು.

ಮಾಲನಕ್ಕ ಫೋನಿನಲ್ಲಿ “ಎಷ್ಟ ಆತು?” ಅಂತ ಮೊದಲಿಗೆ ಕೇಳಿದವಳೇ ಅಲ್ಲ. ಒಮ್ಮೆ ನಾನೇ ಕೇಳಿದೆ, “ಯಕ್ಕಾ, ಎಲ್ಲಾರೂ ಕೆಲಸ ಕೇಳತಾರ, ನೀ ಕೋಳಿ ಕೇಳತೀಯಲ್ಲ?” ಅಂತ. ಅದಕ್ಕೆ ಅವಳು, “ಕೆಲಸ ಕೇಳಿದ್ರ ಸುಳ್ಳ ಕೇಳಸತೈತಿ ಸುಸಲಾ. ಮನಿ ಕೇಳಿದ್ರ ಕೆಲಸ ತಾನ ಕೇಳಸತೈತಿ. ನಾ ಏನ ಫೌಜದಾರ ಅದೇನೇನ, ಎಣಿಸಿಕೋಂತ ಕುಂದ್ರಾಕ?” ಅಂದಳು. ಕೈ ನಿಧಾನ ಇದ್ದವಳಿಗೆ ಮೊದಲು ಫೋನು, ಚುರುಕು ಇದ್ದವಳಿಗೆ ಕೊನೆಗೆ. ಚುರುಕಿನವರಿಗೆ ಇದರಿಂದ ಸಿಟ್ಟು. ನಾನೂ ಚುರುಕಿನವಳೇ, ನನಗೂ ಸಿಟ್ಟು. “ನಿನಗ ಫೋನ ಯಾಕ ಬೇಕ ಬೇ, ನೀ ಓಡೋ ಎತ್ತ” ಅಂದು ನಗುವಳು.

ಇನ್ನೊಂದು ಅವಳ ಕಟ್ಟಳೆ. ದೀಪ ಹಚ್ಚುವ ಹೊತ್ತಿಗೆ ಪ್ರತಿಯೊಬ್ಬಳೂ ಅವಳಿಗೆ ಒಂದು ಮಿಸ್ ಕಾಲ್ ಕೊಡಬೇಕು. ಒಂದೇ ಒಂದು ಸಲ ಗಂಟೆ ಬಾರಿಸಬೇಕು, ಆಮೇಲೆ ಕಟ್. ಅವಳು ಎತ್ತುತ್ತಿರಲಿಲ್ಲ. ‘ಇದ್ದೀನಿ’ ಅನ್ನುವುದಕ್ಕೆ ಅದು. ಕೆಲಸ ಮಾಡಿರಲಿ, ಬಿಟ್ಟಿರಲಿ, ಗಂಡನ ಜೊತೆ ಜಗಳಾಡಿರಲಿ, ಜ್ವರ ಬಂದಿರಲಿ, ಇದ್ದೀನಿ. ಎರಡು ಸಲ ಬಾರಿಸಿದರೆ ತೊಗಲು ತೀರಿದೆ. ಮೂರು ಸಲ ಬಾರಿಸಿದರೆ ನನಗೆ ಮಾತಾಡಬೇಕಾಗಿದೆ, ನೀನೇ ಮಾಡು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ನಮ್ಮ ನಂಬರಿನ ಕೊನೆಯ ಎರಡು ಅಂಕಿಯೇ ನಮ್ಮ ಹೆಸರು. ನಾನು ನಲವತ್ತೊಂದು. ರಾಯಬಾಗ ಕಡೆಯ ಹೌಸವ್ವ ಹದಿನೇಳು. ಮೂವತ್ತನಾಲ್ಕು ಹುಣಸೆಬೀಜ ಒಂದು ಪರಾತದಲ್ಲಿ ಹಾಕಿಕೊಂಡು ಹೊಸ್ತಿಲಲ್ಲಿ ಕೂರುವಳು. ಒಂದೊಂದು ಗಂಟೆ ಬಾರಿಸಿದ ಹಾಗೆ ಒಂದೊಂದು ಬೀಜ ಹೊಸ್ತಿಲ ಒಳಗೆ ಇಡುವಳು. ದನ ಮನೆಗೆ ಬಂದವೋ ಇಲ್ಲವೋ ಅಂತ ನೋಡುತ್ತಾರಲ್ಲ, ಹಾಗೆ.

ನಾನು ಆ ಹೊತ್ತಿನಲ್ಲಿ ಫೋನು ಒತ್ತುವಾಗ ಕಣ್ಣೆದುರು ಏನೇನೋ ಬರುತ್ತಿತ್ತು. ಅತ್ತ ಕೃಷ್ಣೆಯ ದಂಡೆಯಲ್ಲಿ ಒಬ್ಬಳು ಒತ್ತುತ್ತಿದ್ದಾಳೆ, ಇತ್ತ ದ್ರಾಕ್ಷಿ ತೋಟದ ಮಗ್ಗುಲಲ್ಲಿ ಒಬ್ಬಳು, ನಿಪ್ಪಾಣಿಯ ಓಣಿಯಲ್ಲಿ ತಂಬಾಕಿನ ಘಾಟಿನೊಳಗೆ ಒಬ್ಬಳು. ಮಸುಕಾಗುವ ಆಕಾಶದಲ್ಲಿ ನಮ್ಮ ಗಂಟೆಗಳೆಲ್ಲ ಬೆಳ್ಳಕ್ಕಿಯ ಸಾಲಿನ ಹಾಗೆ ಕೊಕಟನೂರಿನ ಕಡೆ ಹಾರಿಹೋಗುತ್ತಿವೆ ಅನ್ನಿಸುತ್ತಿತ್ತು. ಮುಖ ನೋಡದ ಆ ಹೆಂಗಸರ ಕೈಗಳೆಲ್ಲ ನನ್ನ ಕೈಯ ಜೊತೆಗೇ ಓಡಾಡುತ್ತಿವೆ ಅನ್ನಿಸುತ್ತಿತ್ತು. ಮನೆಯಲ್ಲಿ ಹೇಳಿದರೆ ನನ್ನ ಮಗ ಸಂಜು, “ಅವ್ವಗ ತಲಿ ತಿರಗೇತಿ” ಅಂತ ನಗುತ್ತಿದ್ದ.

ಈಗ ನಾನು ಮಾಡಿದ ತಪ್ಪಿನ ಕತೆ. ಪುಣೆಯ ಒಬ್ಬ ವ್ಯಾಪಾರಿ ಇನ್ನೂರು ಜೋಡಿ ಕೇಳಿದ, ಹದಿನೈದೇ ದಿನ. ನಾನು ಜಾಣೆ. “ಯಕ್ಕಾ, ನಿಪ್ಪಾಣಿ ಕಡಿದವರು ಎಡಗಾಲ ಅಷ್ಟ ಹೆಣೀಲಿ, ರಾಯಬಾಗ ಕಡಿದವರು ಬಲಗಾಲ ಅಷ್ಟ. ಒಂದ ಕಾಲ ಹೆಣಕೋಂತ ಹೋದ್ರ ಕೈ ಓಡತೈತಿ” ಅಂದೆ. ಮಾಲನಕ್ಕ, “ಮಾಡಿ ನೋಡೂನು” ಅಂದಳು. ಕೈಯೇನೋ ಓಡಿತು. ಹನ್ನೆರಡನೆಯ ದಿನಕ್ಕೆ ಗಂಟುಗಳೆಲ್ಲ ಕೊಕಟನೂರು ಮುಟ್ಟಿದವು. ಬಿಚ್ಚಿ ಜೋಡಿ ಹಚ್ಚಿದರೆ ಒಂದಕ್ಕೊಂದು ಕೂಡುವುದಿಲ್ಲ. ನಮ್ಮ ನಿಪ್ಪಾಣಿ ಕಡೆ ತೊಗಲು ಬಹಳ ಹೊತ್ತು ನೆನೆಸಿ ಎಳೆದು ಹೆಣೆಯುತ್ತೇವೆ. ಹೌಸವ್ವನ ಕಡೆ ಬರೀ ನೀರು ಚಿಮುಕಿಸಿ ಮೆತ್ತಗೆ ಹೆಣೆಯುತ್ತಾರೆ. ಎಡಗಾಲು ಮುನಿಸಿಕೊಂಡ ಅತ್ತೆಯ ತುಟಿಯ ಹಾಗೆ ಬಿಗಿ, ಬಲಗಾಲು ತವರಿಗೆ ಬಂದ ಮಗಳ ಹಾಗೆ ಸಡಿಲ. ಇನ್ನೂರು ಜೋಡಿಯೂ ಹಾಗೆಯೇ.

ಮಾಲನಕ್ಕ ವ್ಯಾಪಾರಿಗೆ ತಾನೇ ಫೋನು ಮಾಡಿ, “ತಪ್ಪ ನಂದ ಐತ್ರಿ. ಹೆಂಗ ಮಾಡಬೇಕಂತ ನಾ ಹೇಳಿದ್ದ ತಪ್ಪ. ಇನ್ನೊಂದ ಹದಿನೈದ ದಿನಾ ಕೊಡ್ರಿ” ಅಂದಳಂತೆ. ನನ್ನ ಹೆಸರು ಎತ್ತಲಿಲ್ಲ. ದಿನವಂತೂ ಸಿಕ್ಕವು, ಆದರೆ ಆ ಕಡೆಯಿಂದ ಅವನು ಏನೇನು ಅಂದನೋ, ಅದನ್ನೂ ನಮಗೆ ಹೇಳಲಿಲ್ಲ.

ಎರಡು ದಿನ ಬಿಟ್ಟು ಬಸ್ಸಿನಲ್ಲಿ ನನಗೆ ಒಂದು ಸಣ್ಣ ಗಂಟು ಬಂತು. ಒಳಗೆ ಹೌಸವ್ವ ಹೆಣೆದ ಹತ್ತು ವೇಣಿ. ಹಿಂದೆಯೇ ಮಾಲನಕ್ಕನ ಫೋನು. “ಅವನ್ನ ಬಿಚ್ಚ. ಗಡಬಡ ಮಾಡಬ್ಯಾಡ, ಒಂದೊಂದ ಎಳಿ ಬಿಚ್ಚಿ, ಮತ್ತ ಆಕಿ ಹೆಂಗ ಹೆಣದಿದ್ಳೋ ಹಂಗ ಹೆಣಿ. ನಿನ್ನ ಹತ್ತ ಆಕಿಗಿ ಕಳಿಸೇನಿ.”

“ಇದರಲಿಂದ ಏನ ಆಗತೈತಿ ಯಕ್ಕಾ?”

“ಆಕಿ ಯಾರಂತ ನಿನಗ ತಿಳೀತೈತಿ.”

ನಾನು ಹೌಸವ್ವನನ್ನು ಆವರೆಗೆ ನೋಡಿರಲಿಲ್ಲ. ಮಧ್ಯಾಹ್ನದ ಮೆತ್ತನೆ ಬೆಳಕಿನಲ್ಲಿ ಅವಳ ವೇಣಿ ಬಿಚ್ಚುತ್ತ ಕೂತೆ. ಎಲ್ಲಿ ಅವಳ ಬೆರಳು ನಿಂತಿದೆ, ಎಲ್ಲಿ ಅವಳು ಉಸಿರು ಬಿಟ್ಟಿದ್ದಾಳೆ, ಎಲ್ಲಿ ಯಾರೋ ಕರೆದು ಎದ್ದು ಹೋಗಿ ಮತ್ತೆ ಬಂದು ಕೂತಿದ್ದಾಳೆ, ಎಲ್ಲ ತಿಳಿಯತೊಡಗಿತು. ಎಡಗೈಯ ಹೆಬ್ಬೆರಳಿನಲ್ಲಿ ಏನೋ ಊನವಿರಬೇಕು, ಪ್ರತಿ ಐದನೆಯ ಹೆಣಿಗೆಗೆ ಸ್ವಲ್ಪ ತಡವರಿಸುತ್ತಾಳೆ ಅನ್ನಿಸಿತು. ಸಂಜೆ ಹೌಸವ್ವನೇ ಫೋನು ಮಾಡಿದಳು. ನಾನು ಕೇಳಿದೆ. “ಹೌದ ಬೇ, ಸಣ್ಣಾಕಿದ್ದಾಗ ತೊಗಲ ಕೊಯ್ಯೂ ರಂಪಿಗಿ ಬಡದಿತ್ತು. ನಿನಗ ಯಾರ ಹೇಳಿದ್ರು?” ಅಂದಳು. ಆಮೇಲೆ ಅವಳು, “ನೀ ಭಾಳ ಸಿಟ್ಟಿನಾಕಿ ಅದೀ, ಹೌದಿಲ್ಲೋ? ನಿನ್ನ ವೇಣಿ ಬಿಚ್ಚೂದ್ರಾಗ ನನ್ನ ಉಗುರ ಹ್ವಾದುವು” ಅಂದಳು. ಇಬ್ಬರೂ ನಕ್ಕೆವು. ಆವತ್ತಿನಿಂದ ಅವಳು ನನ್ನ ತಂಗಿ. ಎರಡೂ ಕಾಲು ಒಂದೇ ಕೈಯಲ್ಲಿ ಹೆಣೆಯುವುದು ಅಂತ ಆಮೇಲೆ ಕಟ್ಟಳೆಯಾಯಿತು. ಗುಂಪಿಗೆ ಹೊಸಬಳು ಬಂದರೆ ಅವಳ ಹತ್ತು ವೇಣಿ ಯಾರದಾದರೂ ಮನೆಗೆ ಹೋಗಿ ಬಿಚ್ಚಿಸಿಕೊಳ್ಳಬೇಕು ಅಂತಲೂ ಆಯಿತು.

ವರ್ಷಗಳು ಹೋದವು. ಒಂದು ದೀಪಾವಳಿ ಕಳೆದ ಮೇಲೆ ಮಾಲನಕ್ಕ ಬದಲಾದಳು. ಫೋನಿನಲ್ಲಿ ತಾನೇ ಬಹಳ ಮಾತಾಡುವಳು, ನಾವು ಹೇಳುವುದಕ್ಕೆ ಸುಮ್ಮನೆ ಹೂಂ ಅನ್ನುವಳು. ಆಮೇಲೆ ಅದೂ ನಿಂತಿತು. ಮೂರು ಸಲ ಬಾರಿಸಿದರೂ ತಿರುಗಿ ಮಾಡಲಿಲ್ಲ. ತೊಗಲು ಬಸ್ಸಿನಲ್ಲಿ ಸರಿಯಾಗಿ ಬರುತ್ತಿತ್ತು, ಮಾತಿಲ್ಲ. ನಾನು ಸಿಟ್ಟಿನವಳು. ನನ್ನನ್ನು ಬೇಕಂತಲೇ ದೂರ ಇಟ್ಟಿದ್ದಾಳೆ ಅಂದುಕೊಂಡು ಸಂಜೆಯ ಮಿಸ್ ಕಾಲ್ ಬಿಟ್ಟೆ. ಒಂದು ದಿನ, ಎರಡು ದಿನ, ಮೂರು ದಿನ. ನಾಲ್ಕನೆಯ ದಿನ ತಡೆಯಲಾಗಲಿಲ್ಲ. ಸೊಸೆ ರೂಪಾಗೆ ರೊಟ್ಟಿ ಮಾಡಿಕೋ ಅಂತ ಹೇಳಿ ಬಸ್ಸು ಹತ್ತಿದೆ. ಚಿಕ್ಕೋಡಿಯಲ್ಲಿ ಇಳಿದು ಅಥಣಿ ಬಸ್ಸು, ಅಥಣಿಯಲ್ಲಿ ಇಳಿದು ಇನ್ನೊಂದು. ದಾರಿಯುದ್ದಕ್ಕೂ ಬೈಗುಳ ಜೋಡಿಸುತ್ತ ಹೋದೆ. ಒಳ್ಳೊಳ್ಳೆಯ ಬೈಗುಳ ಸಿಕ್ಕಿದ್ದವು.

ಹೋಗಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮಾಲನಕ್ಕ ನನಗೆ ಬೆನ್ನು ಮಾಡಿ ಹೊಸ್ತಿಲಲ್ಲಿ ಕೂತಿದ್ದಳು. “ಯಕ್ಕಾ” ಅಂದೆ. ತಿರುಗಲಿಲ್ಲ. ಜೋರಾಗಿ ಕೂಗಿದೆ, ಮಗ್ಗುಲ ಮನೆಯ ನಾಯಿ ಬೊಗಳಿತು, ಅವಳು ತಿರುಗಲಿಲ್ಲ. ಇನ್ನೆರಡು ಹೆಜ್ಜೆ ಹೋದಾಗ ಕಂಡಿತು. ಫೋನನ್ನು ಬಿಚ್ಚಿದ ಅಂಗೈ ಮೇಲೆ ಇಟ್ಟುಕೊಂಡಿದ್ದಾಳೆ, ಹಕ್ಕಿಮರಿ ಹಿಡಿದ ಹಾಗೆ. ಅದು ಝುಂ ಅಂತ ನಡುಗಿದರೆ ಬಗ್ಗಿ ಅಂಕಿ ನೋಡುತ್ತಾಳೆ, ತಲೆ ಆಡಿಸುತ್ತಾಳೆ, ಒಂದು ಬೀಜ ಒಳಗಿಡುತ್ತಾಳೆ. ಗಂಟೆಯ ಸದ್ದೇ ಇಲ್ಲ. ಬರೀ ನಡುಕ.

ನನ್ನ ಬೈಗುಳ ಎಲ್ಲಿ ಹೋದವೋ. ನಿಂತಲ್ಲೇ ಸೆರಗಿನ ಗಂಟಿನಿಂದ ಫೋನು ತೆಗೆದು ಒಂದು ಸಲ ಒತ್ತಿ ಕಟ್ ಮಾಡಿದೆ. ಅವಳ ಅಂಗೈ ಝುಂ ಅಂತು. ಬಗ್ಗಿ ನೋಡಿದಳು. “ನಲವತ್ತೊಂದ ಬಂತು” ಅಂತ ತನಗೆ ತಾನೇ ಅಂದುಕೊಂಡಳು. ಅಂದುಕೊಂಡದ್ದು ಓಣಿಯ ತುದಿಗೆ ಕೇಳಿಸಿತು. ಪರಾತದ ಒಂದು ಬದಿಯಲ್ಲಿ ಬೇರೆಯಾಗಿ ಇಟ್ಟಿದ್ದ ಬೀಜವನ್ನು ಎತ್ತಿ, ಸೀರೆಗೆ ಒರೆಸಿ, ಒಳಗಿಟ್ಟಳು. ನಾನು ಮುಂದೆ ಹೋಗಿ ಕೂತೆ. ನನ್ನ ಮುಖ ನೋಡಿ ಅವಳಿಗೆ ಎಲ್ಲ ಗೊತ್ತಾಯಿತು.

“ಮಿರಜಿಗಿ ಹೋಗಿದ್ನಿ. ಕಿವ್ಯಾಗ ಹಾಕ್ಕೊಳ್ಳೋ ಮಷಿನ್ ಕೊಟ್ರು. ಅದರಾಗ ಎಲ್ಲಾರದೂ ಒಂದ ದನಿ ಕೇಳಸತೈತಿ ಸುಸಲಾ. ಹೌಸವ್ವ ಯಾರೋ, ನೀ ಯಾರೋ. ಅದೇನ ಕೇಳೂದು?” ಅಂದಳು. ಆಮೇಲೆ ತನ್ನ ಫೋನು ಎತ್ತಿ ನನ್ನ ಮಡಿಲಿಗೆ ಇಟ್ಟಳು. “ಇನ್ನ ನೀ ಮಾತಾಡ ಎಲ್ಲಾರ ಕೂಡ.”

ನಾನು ಫೋನು ಹಿಂದಕ್ಕೆ ಸರಿಸಿ ಕೈ ಅಲ್ಲಾಡಿಸಿದೆ. ಮೂರು ಬೆರಳು ತೋರಿಸಿದೆ, ಮೂರನೆಯ ಇಯತ್ತೆ ಅಂತ. ಅವಳು ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ಸೊನ್ನೆ ಮಾಡಿ ತೋರಿಸಿದಳು, ತನ್ನದು ಅದೂ ಇಲ್ಲ ಅಂತ. ಮೂಗು ಹಿಗ್ಗಿಸಿ, ನಾನು ಸಿಟ್ಟಿನವಳು ಅಂತ ತೋರಿಸಿದೆ. ಅದಕ್ಕವಳು ನಕ್ಕಳು. “ಅದಕ್ಕ ನೀನ ಬೇಕು. ನಾ ಫೋನ ಎತ್ತಲಿಲ್ಲ ಅಂತ ಮೂರ ಬಸ್ ಬದಲಿ ಮಾಡಿ ಬಂದಾಕಿ ನೀ ಒಬ್ಬಾಕಿ. ಉಳದಾವ್ರೆಲ್ಲಾ, ಇರಲಿ ಬಿಡ, ಅಂತ ಸುಮ್ಮನ ಕುಂತ್ರು.”

ಫೋನು ಅವಳ ಹತ್ತಿರವೇ ಉಳಿಯಿತು; ಎಲ್ಲರ ನಂಬರು ಬರೆದುಕೊಂಡು ಬಂದೆ, ಸಂಜೆಯ ಗಂಟೆ ಇನ್ನು ನನ್ನ ಫೋನಿಗೆ. ಮೊದಲ ತಿಂಗಳು ನಾನು ಹಾಳು ಮಾಡಿದೆ. ಫೋನು ಹಿಡಿದ ಕೂಡಲೇ ‘ಎಷ್ಟ ಆತು?’ ಅನ್ನುವುದು ಬಾಯಿಗೆ ಬಂದುಬಿಡುತ್ತಿತ್ತು. ಉಗಾರದ ಶೇವಂತಿ “ಎಲ್ಲಾ ಆಗೇತ್ರಿ” ಅಂದಳು. ನನಗೆ ‘ರಿ’ ಹಚ್ಚಿ ಮಾತಾಡಿದಳು ಅಂತ ಹಿಗ್ಗಿದೆ. ಬಸ್ಸಿನಲ್ಲಿ ಬಂದ ಅವಳ ಗಂಟಿನಲ್ಲಿ ಅರ್ಧವೂ ಇರಲಿಲ್ಲ. ಮಾರನೆಯ ದಿನ ಕೆಲಸ ಬಿಟ್ಟು ಮನೆ ಕೇಳಿದೆ. ಮಗುವಿಗೆ ಹದಿನೈದು ದಿನದಿಂದ ಜ್ವರ, ಮಡಿಲು ಬಿಟ್ಟು ಇಳಿಯುವುದಿಲ್ಲ ಅಂತ ಅತ್ತಳು. ಅವಳ ಪಾಲಿನ ತೊಗಲನ್ನು ಹೌಸವ್ವ, ನಾನು ಹಂಚಿಕೊಂಡೆವು. ಅವಳು ಸಂಜೆಯ ಗಂಟೆಯನ್ನಷ್ಟೇ ಬಾರಿಸಿದರೆ ಸಾಕು ಅಂದೆ. ಜ್ವರ ಬಿಟ್ಟ ದಿನ ಶೇವಂತಿ ಗಂಟೆಯ ಮೇಲೆ ಗಂಟೆ ಬಾರಿಸಿದಳು. ಎಷ್ಟು ಅಂತ ಲೆಕ್ಕ ತಪ್ಪಿತು.

ಮಾಲನಕ್ಕ ಬದುಕಿದ್ದು ಆಮೇಲೆ ಎರಡು ವರ್ಷ. ಒಂದು ಶ್ರಾವಣದಲ್ಲಿ ಮಲಗಿದವಳು ಏಳಲಿಲ್ಲ. ಸುದ್ದಿ ಮುಟ್ಟಿದ ಸಂಜೆ ಮೂವತ್ತನಾಲ್ಕು ಮನೆಗಳಿಂದಲೂ ಅವಳ ಹಳೆಯ ನಂಬರಿಗೆ ಒಂದೊಂದು ಗಂಟೆ ಬಾರಿಸಿದೆವು. ಯಾರೂ ಯಾರಿಗೂ ಹೇಳಿರಲಿಲ್ಲ. ಮರುದಿನ ಮಾತಾಡುವಾಗ ತಿಳಿಯಿತು.

ಆದರೆ ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅದಕ್ಕೂ ಮೊದಲು, ನನ್ನ ಜನ್ಮದ ದೊಡ್ಡ ಸಂತೋಷದ ದಿನ. ನಮ್ಮ ಸಮೃದ್ಧಿಯನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ. ಮನೆ ತುಂಬ ಮಂದಿ, ಹುಗ್ಗಿಯ ಘಮ, ಹೆಂಗಸರ ಜೋಗುಳ. ಮಾಲನಕ್ಕ ಒಬ್ಬಳೇ ಮೂರು ಬಸ್ಸು ಬದಲಿಸಿ ಬಂದಿದ್ದಳು. ಜೋಗುಳ ಅವಳಿಗೆ ಕೇಳುತ್ತಿರಲಿಲ್ಲ. ಹಾಡುವವರ ತುಟಿ ನೋಡುತ್ತ, ತೊಟ್ಟಿಲಿನ ಹಗ್ಗಕ್ಕೆ ಕೈ ಹಚ್ಚಿಕೊಂಡು ನಿಂತಿದ್ದಳು. ಅವಳ ಮುಖದಲ್ಲಿ ಅಂಥ ಶಾಂತಿ ನಾನು ಕಂಡಿರಲಿಲ್ಲ.

ಹೆಸರಿಟ್ಟಾಯಿತು. ನನ್ನ ತೊಡೆಯ ಮೇಲೆ ಕೂಸು, ಆಗಲೇ ಫೋನು. ಶೇವಂತಿ. ಅವಳ ಅತ್ತೆ ತಿಳಿಯದೆ ಹಸಿ ವೇಣಿಯನ್ನೆಲ್ಲ ತಗಡಿನ ಮೇಲೆ ಬಿಸಿಲಿಗೆ ಹಾಕಿದ್ದಳು, ಎಲ್ಲ ಸೆಟೆದು ಬಿರಿದಿದ್ದವು. ಬುಧವಾರ ಮಾಲು ಹೋಗಬೇಕಿತ್ತು. ಅವಳ ಅಳುವಿನಲ್ಲಿ ಮಾತೇ ಹೊರಡುತ್ತಿರಲಿಲ್ಲ. ನಾನು ಏನು ಹೇಳಲಿ ಅಂತ ಮಾಲನಕ್ಕನ ಮುಖ ನೋಡಿದೆ. ಅವಳು ಎದ್ದು ಬಂದಳು. ಫೋನಿನ ಕಡೆ ನೋಡಲಿಲ್ಲ. ಬಗ್ಗಿ ನನ್ನ ತೊಡೆಯ ಮೇಲಿನ ಕೂಸನ್ನು ಎತ್ತಿಕೊಂಡಳು. “ಹೋಗ, ಮಾತಾಡ” ಅಂದಳು.

ಹಿತ್ತಲಿಗೆ ಹೋಗಿ ಬಹಳ ಹೊತ್ತು ಮಾತಾಡಿದೆ. ಶೇವಂತಿಯ ಅಳು ನಿಲ್ಲಿಸಿ, ಹೌಸವ್ವನಿಗೆ ಮಾಡಿ, ಕಾಗವಾಡದ ಇಬ್ಬರಿಗೆ ಮಾಡಿ, ಯಾರ ಹತ್ತಿರ ನೆನೆಸಿದ ತೊಗಲು ಇದೆ ಅಂತ ತಿಳಿದುಕೊಂಡು, ವ್ಯಾಪಾರಿಗೆ ಮಾಡಿ ತಪ್ಪು ನನ್ನದು ಅಂದು, ನಾಲ್ಕು ದಿನ ಕೇಳಿ ಪಡೆದೆ. ಒಳಗೆ ಬರುವಾಗ ಬೆವೆತಿದ್ದೆ, ಒಳಗೊಳಗೇ ಹಿಗ್ಗಿದ್ದೆ. ಕೇಳಲಿ, ಕೈಸನ್ನೆಯಲ್ಲಿ ಎಲ್ಲ ಹೇಳಬೇಕು ಅಂತ ಅವಳ ಎದುರು ಹೋಗಿ ಕೂತೆ.

ಕೂಸು ಅವಳ ತೋಳಿನಲ್ಲಿ ನಿದ್ದೆ ಹೋಗಿತ್ತು. “ಮೂಗ ನಿನ್ನಂಗ ಐತಿ ಬೇ. ಪಾಪ” ಅಂದಳು. ರೂಪಾ ತಂದ ಚಹಾ ಕುಡಿದಳು. ಹುಗ್ಗಿ ಚೆನ್ನಾಗಿತ್ತು ಅಂದಳು. ಫೋನು ಯಾರದು, ಏನಾಯಿತು, ಸರಿಹೋಯಿತೋ ಇಲ್ಲವೋ, ಒಂದು ಮಾತು ಕೇಳಲಿಲ್ಲ. ನಿಲ್ದಾಣದ ತನಕ ನಡೆದು ಹೋದೆವು, ಕೇಳಲಿಲ್ಲ. ಬಸ್ಸು ಬಂತು, ಕಿಟಕಿಯ ಮಗ್ಗುಲಿಗೆ ಕೂತಳು, ಸೆರಗು ಸರಿಮಾಡಿಕೊಂಡಳು. ಬಸ್ಸು ಹೊರಟಿತು. ಆಗಲೂ ಕೇಳಲಿಲ್ಲ.